ಏಮಸ್ ಹಾಲೊವೆಲ್‌ನ ಕಾಲು ಎಕರೆ

ಹೋದ ವಾರದ ಆಲಿಕಲ್ಲು ಮಳೆಗೆ ನಮ್ಮ ಹಿಂದಿನ ಮನೆಯವರ ಬೇಲಿ ಮುರಿದು ಬಿತ್ತು. ಸೋಮವಾರ ಇಬ್ಬರು ಕೆಲಸಗಾರರು ಬಂದು ಹೊಸ ಸೀಡರ್ ಹಲಗೆ ಹೊಡೆಯತೊಡಗಿದರು. ಹೊಸ ಸೀಡರಿನ ವಾಸನೆ, ಆಗಷ್ಟೇ ಕೆತ್ತಿದ ಪೆನ್ಸಿಲಿನ ಹಾಗೆ, ಬಹಳ ಜನರಿಗೆ ಇಷ್ಟವಾಗುತ್ತದೆ. ನಾನು ಅಡುಗೆಮನೆಯ ಕಿಟಕಿ ಮುಚ್ಚಿದೆ. ಆದರೂ ಬಂತು. ಒಲೆ ಆರಿಸಿ ಗರಾಜಿಗೆ ಹೋಗಿ ಕಾರಿನೊಳಗೆ ಕೂತೆ, ಅವರು ಕೆಲಸ ಮುಗಿಸಿ ಹೋಗುವವರೆಗೆ.

ಹೋದ ವರ್ಷ ಆಗಸ್ಟಿನಲ್ಲಿ, ಡ್ಯಾಲಸ್ ಹತ್ತಿರದ ಕಾಪೆಲ್‌ನ ನಮ್ಮ ಈ ಬಡಾವಣೆಯ ಮೂಲೆಯಲ್ಲಿರುವ ಕಾಲು ಎಕರೆಯ ಸುತ್ತ ಇದೇ ಹಲಗೆ ಹೊಡೆದಿದ್ದರು. ಎಂಟು ಅಡಿ ಎತ್ತರಕ್ಕೆ. ಒಳಗೆ ಒಂದೇ ಮನೆತನದ ಹದಿಮೂರು ಸಮಾಧಿಗಳಿವೆ. ಹದಿನಾಲ್ಕನೆಯದು ನನ್ನ ಗಂಡನದಾಗಬೇಕಿತ್ತು. ಅದು ಆಗದ ಹಾಗೆ ಮಾಡಿದವಳು ನಾನು. ಹೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿರುವ ಮಗಳು ಸಹನಾ, ಅಪ್ಪನನ್ನು ಡ್ಯಾಲಸ್ಸಿನ ಆ ಹೈವೇ ಪಕ್ಕದ ಸ್ಮಶಾನದಲ್ಲಿ ಯಾಕೆ ಇಟ್ಟೆವು ಎಂದು ಮೂರು ಸಲ ಕೇಳಿದ್ದಾಳೆ. ಮೂರು ಸಲವೂ ನಾನು ಸುಳ್ಳು ಹೇಳಿದ್ದೇನೆ.

ನಾವು ಗದಗಿನ ಕಡೆಯವರು. ನನ್ನ ಅಣ್ಣನ ಮೂಲಕ ಇಲ್ಲಿಗೆ ಬಂದವರು. ನನ್ನ ಗಂಡ ಶಿವಾನಂದ ವಿಮಾನ ನಿಲ್ದಾಣದಲ್ಲಿ ಸಾಮಾನು ಏರಿಸುವ ಯಂತ್ರಗಳ ಮೆಕ್ಯಾನಿಕ್ ಆಗಿದ್ದರು. ನಾನು ಪಿಯುಸಿವರೆಗೆ ಓದಿದವಳು, ಇಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಸುತ್ತಮುತ್ತಲ ಕನ್ನಡದವರು ಹೆಚ್ಚಾಗಿ ಬೆಂಗಳೂರು, ಮೈಸೂರಿನವರು, ದೊಡ್ಡ ಕಂಪನಿಗಳಲ್ಲಿ ಇರುವವರು. ಒಳ್ಳೆಯ ಜನ. ಹಬ್ಬಕ್ಕೆ ಕರೆಯುತ್ತಿದ್ದರು, ನಾವು ಹೋಗುತ್ತಿದ್ದೆವು. ಆದರೆ ಅವರ ನಡುವೆ ಮಾತಾಡುವಾಗ ನಾನು ನನ್ನ ‘ಐತಿ’ಯನ್ನು ‘ಇದೆ’ ಮಾಡಿಕೊಳ್ಳುತ್ತಿದ್ದೆ. ನನ್ನ ಗಂಡ ಮಾಡಿಕೊಳ್ಳುತ್ತಿರಲಿಲ್ಲ.

ಆ ಕಾಲು ಎಕರೆಯನ್ನು ಮೊದಲು ಗಮನಿಸಿದ್ದು ಅವರೇ. ಮನೆ ಕೊಂಡ ಹೊಸದರಲ್ಲಿ, ಮಳೆ ನಿಂತ ಒಂದು ಸಂಜೆ ವಾಕಿಂಗ್ ಹೋದವರು ಬೂಟಿನ ತುಂಬ ಮಣ್ಣು ಮೆತ್ತಿಕೊಂಡು ಬಂದು, ಬಾಗಿಲಲ್ಲೇ ನಿಂತು ಕರೆದರು.

“ನೀಲಾ, ಇಲ್ಲಿ ಬಾ. ಈ ಮಣ್ಣ ನೋಡು. ಎರಿ ಮಣ್ಣ ಇದು. ನಮ್ಮ ಹೊಲದಾಗಿಂದು ಇದ್ದಂಗ ಐತಿ.”

“ಒಳಗ ಬರಬ್ಯಾಡ್ರಿ, ಈಗರ ಒರಸೀನಿ.”

“ಒರಸಿದ್ರ ಹೋಗಾಂಗಿಲ್ಲ ಇದು. ಅಲ್ಲಿ ಮೂಲ್ಯಾಗ ಸಮಾಧಿ ಅದಾವ. ಹೊಲದಾಗ ಹೂಳತಿದ್ರು ಅಂತ ಕಾಣಸ್ತೈತಿ, ನಮ್ಮಂಗ.”

ನಮ್ಮಲ್ಲಿ ಹೂಳುತ್ತಾರೆ, ಸುಡುವುದಿಲ್ಲ. ಅವರ ಅಜ್ಜನ ಸಮಾಧಿ ಹೊಲದ ಮೂಲೆಯಲ್ಲೇ ಇತ್ತು. ಎಳ್ಳ ಅಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬುತ್ತಿಯ ಒಂದಿಷ್ಟನ್ನು ಭೂಮಿತಾಯಿಗೆಂದು ಬೆಳೆಯ ಮೇಲೆ ಚರಗ ಚೆಲ್ಲಿ, ಆ ಸಮಾಧಿಯ ಮಗ್ಗುಲಲ್ಲೇ ಕೂತು ಎಲ್ಲರೂ ಉಣ್ಣುತ್ತಿದ್ದೆವು. ಮದುವೆಯಾಗಿ ಬಂದ ವರ್ಷ ನಾನು ಸಜ್ಜೆ ರೊಟ್ಟಿ ಬಡಿಸಿದ್ದು ಅಲ್ಲೇ. ಸಮಾಧಿ ಎಂದರೆ ಹೆದರಿಕೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಆ ಜಾಗದ ವಾರಸುದಾರರು ಮಿಸ್ ಲೋರಾ. ಎಂಬತ್ತರ ಹತ್ತಿರದವರು, ಒಬ್ಬರೇ ಹತ್ತಿರದ ಊರಾದ ಯೂಲೆಸ್‌ನಲ್ಲಿ ಇರುತ್ತಾರೆ, ಶಾಲಾ ಬಸ್ಸು ಓಡಿಸಿ ನಿವೃತ್ತರಾದವರು. ತಿಂಗಳಿಗೆರಡು ಸಲ ತಮ್ಮ ಹಳೆಯ ಪಿಕಪ್ಪಿನಲ್ಲಿ ಬಂದು ಹುಲ್ಲು ಕೀಳುತ್ತಿದ್ದರು. ನನ್ನ ಗಂಡ ತಾವಾಗಿ ಹೋಗಿ ಗುದ್ದಲಿ ಹಿಡಿದರು. ಹಾಗೆ ಶುರುವಾದ ಸ್ನೇಹ. ಹುಲ್ಲು ಕೀಳುತ್ತ ಆಕೆ ಹೇಳಿದ್ದನ್ನು ಇವರು ಊಟದ ಹೊತ್ತಿಗೆ ನನಗೆ ಹೇಳುತ್ತಿದ್ದರು, ತಮ್ಮ ಬಳಗದ ಸುದ್ದಿ ಎಂಬಂತೆ.

ಮಿಸ್ ಲೋರಾ ಅವರ ಮುತ್ತಜ್ಜನ ಅಪ್ಪ ಏಮಸ್ ಹಾಲೊವೆಲ್. ಟೆನೆಸೀ ಕಡೆಯಿಂದ ಹೆಂಡತಿ ರೂತ್ ಮತ್ತು ನಾಲ್ಕು ಮಕ್ಕಳನ್ನು ಎತ್ತಿನ ಬಂಡಿಯಲ್ಲಿ ಕೂರಿಸಿಕೊಂಡು ಬಂದವನು. ಆಗ ಇದು ಗಡಿ ನಾಡು. ಹಳ್ಳದ ದಂಡೆಯಲ್ಲಿ ಮರದ ದಿಮ್ಮಿಗಳ ಮನೆ ಕಟ್ಟಿದ. ಎರೆ ನೆಲವನ್ನು ಒಡೆದು ಜೋಳ ಹಾಕಿದ, ಹತ್ತಿ ಹಾಕಿದ. ಮೂರನೆಯ ವರ್ಷ ಗಡಿ ಕಾಯುವುದಕ್ಕೆ ಸ್ವಯಂಸೇವಕರು ಬೇಕೆಂದು ಕರೆ ಬಂತು. ಕುದುರೆ ನಿನ್ನದೇ, ಬಂದೂಕು ನಿನ್ನದೇ, ಮೂರು ತಿಂಗಳು ಸಾಕು ಅಂದರು. ಹೆಂಡತಿ ಬೇಡವೆಂದಳು, ಅವನು ಹೋದ. ಮೂರು ತಿಂಗಳು ಹತ್ತು ತಿಂಗಳಾಯಿತು. ಅಷ್ಟರಲ್ಲಿ ಜ್ವರ ಬಂದು ಒಂದೇ ವಾರದಲ್ಲಿ ಎರಡು ಮಕ್ಕಳು ಹೋದವು. ಮಳೆಗಾಲದ ಎರೆ, ಗುದ್ದಲಿಗೆ ಅಂಟಿಕೊಂಡು ಬಿಡುತ್ತಲೇ ಇರಲಿಲ್ಲವಂತೆ. ರೂತ್ ಮತ್ತು ಹಿರಿಯ ಮಗಳು ಎತ್ತು ಹೂಡಿ ನೇಗಿಲಿನಿಂದ ನೆಲ ಸೀಳಿ, ಆ ಸಾಲನ್ನು ಕೈಯಿಂದ ಆಳ ಮಾಡಿ ಮಕ್ಕಳನ್ನು ಮಲಗಿಸಿದರು. ಏಮಸ್ ವಾಪಸು ಬಂದಾಗ ಅಂಗಳದಲ್ಲಿ ಎರಡೇ ಮಕ್ಕಳು.

ಆಮೇಲೆ ಅವನು ಬಹಳ ವರ್ಷ ಬದುಕಿದ. ಪಡೆಯಲ್ಲಿದ್ದವರೆಲ್ಲ ವರ್ಷಕ್ಕೊಮ್ಮೆ ಸೇರಿ, ಊಟ ಮಾಡಿ, ಭಾಷಣ ಮಾಡುತ್ತಿದ್ದರಂತೆ. ಇವನು ಒಂದು ಸಲವೂ ಹೋಗಲಿಲ್ಲ. ಆ ದಿನ ಬೇಕೆಂದೇ ಹೊಲದ ಅತಿ ದೂರದ ತುದಿಯಲ್ಲಿ ಕಳೆ ತೆಗೆಯುತ್ತಿದ್ದನಂತೆ. ಯಾಕೆಂದು ಅವನ ಮಕ್ಕಳಿಗೂ ತಿಳಿದಿರಲಿಲ್ಲ.

ಇದನ್ನೆಲ್ಲ ಕೇಳಿ ನಾನು “ಹೌದೇನ್ರಿ?” ಅನ್ನುತ್ತಿದ್ದೆ. ಅಷ್ಟೇ.

ಹೋದ ವರ್ಷದ ಯುಗಾದಿ ಊಟ ಸುಧಾ ಅವರ ಹೊಸ ಮನೆಯಲ್ಲಿತ್ತು. ಮೈಸೂರಿನವರು, ನಮ್ಮ ಬೀದಿಯಲ್ಲೇ ಎಲ್ಲರಿಗೂ ಬೇಕಾದವರು. ಅವರ ಮಹಡಿಯ ದೇವರ ಕೋಣೆಯ ಕಿಟಕಿ ತೆಗೆದರೆ ನೇರ ಆ ಕಾಲು ಎಕರೆ ಕಾಣುತ್ತಿತ್ತು. ಊಟವಾದ ಮೇಲೆ ಹೆಂಗಸರೆಲ್ಲ ಅಲ್ಲಿ ನಿಂತೆವು.

“ದೀಪ ಹಚ್ಚಿ ತಲೆ ಎತ್ತಿದ್ರೆ ಸ್ಮಶಾನ,” ಅಂದರು ಸುಧಾ. “ಮನೆ ತೋರಿಸೋಕೆ ಬಂದವನು ಅದನ್ನ ಪಾರ್ಕ್ ಅಂದಿದ್ದ ನೋಡಿ!”

“ಪಾರ್ಕೇ. ಎಲ್ಲರೂ ಪರ್ಮನೆಂಟಾಗಿ ಪಾರ್ಕ್ ಆಗಿದ್ದಾರೆ,” ಎಂದು ಇನ್ನೊಬ್ಬಾಕೆ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ.

ಸುಧಾ ನನ್ನ ಕಡೆ ತಿರುಗಿದರು. “ನಿಮ್ಮ ಕಡೆನೂ ಸ್ಮಶಾನಕ್ಕೆ ಹೋಗ್ಬಂದ್ರೆ ಸ್ನಾನ ಮಾಡೇ ಒಳಗೆ ಬರೋದು ಅಲ್ವಾ, ನೀಲಾ ಅವರೇ?”

“ಹೌದು,” ಅಂದೆ. “ಮತ್ತೆ? ಸ್ನಾನ ಮಾಡಲೇಬೇಕು.”

ಯಾರೂ ನನ್ನ ಕತ್ತು ಹಿಡಿದು ಹೇಳಿಸಲಿಲ್ಲ. ‘ನಮ್ಮಲ್ಲಿ ಹೂಳ್ತಾರ್ರಿ, ನಾವು ಅಲ್ಲೇ ಕೂತು ಉಣ್ತೀವಿ’ ಎಂದು ಹೇಳಿದ್ದರೆ ಆ ಹೆಂಗಸರು ‘ಹೌದಾ?’ ಎಂದು ಸುಮ್ಮನಾಗುತ್ತಿದ್ದರು. ಆದರೆ ಆ ಕಿಟಕಿಯ ಹತ್ತಿರ, ಅವರ ನಡುವೆ, ನಾನು ಬೇರೆಯವಳಾಗಲು ಒಪ್ಪಲಿಲ್ಲ.

ಹತ್ತು ದಿನದ ಮೇಲೆ ಸುಧಾ ಎರಡು ಪುಟದ ಅರ್ಜಿ, ಜತೆಗೆ ಸಹಿಯ ಹಾಳೆ ತಂದರು. ಎಚ್‌ಒಎ, ಅಂದರೆ ಮನೆಮಾಲೀಕರ ಸಂಘಕ್ಕೆ ಕೊಡುವ ಅರ್ಜಿ. ಸುತ್ತಲ ಪಟ್ಟಿ ಜಾಗ ಸಂಘದ್ದಾದ್ದರಿಂದ ಅಲ್ಲಿ ಎತ್ತರದ ಬೇಲಿ ಹಾಕಬೇಕು ಎಂದು. “ನೀವು ಎಲ್ಲರ ಜೊತೆನೂ ಚೆನ್ನಾಗಿ ಬೆರೀತೀರ. ಸ್ಕೂಲಲ್ಲಿ ಎಲ್ಲಾ ಅಮ್ಮಂದಿರಿಗೂ ನೀವು ಗೊತ್ತು. ನೀವೇ ತಗೊಂಡು ಹೋದ್ರೆ ಯಾರೂ ಇಲ್ಲ ಅನ್ನಲ್ಲ,” ಅಂದರು.

ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಮೊದಲ ಪುಟ ಓದಿದೆ, ಬೇಲಿಯ ವಿಷಯವಿತ್ತು. ಎರಡನೆಯ ಪುಟ ಓದಲಿಲ್ಲ. ಮೊದಲ ಸಹಿ ನಾನೇ ಮಾಡಿ, ನಾಲ್ಕು ಸಂಜೆ ಮನೆಮನೆ ತಿರುಗಿದೆ. ನನ್ನ ಗಂಡ ಸಂಜೆ ಪಾಳಿಯಲ್ಲಿದ್ದರು, ಅವರಿಗೆ ತಿಳಿಯಲಿಲ್ಲ.

ಮೇ ತಿಂಗಳ ಎರಡನೆಯ ಭಾನುವಾರ ಹಾಲೊವೆಲ್ ಬಳಗದವರು ಅಲ್ಲಿ ಸೇರುವ ರೂಢಿ. ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮಡಚುವ ಮೇಜು ಹಾಕಿ ಅಲ್ಲೇ ಊಟ ಮಾಡುತ್ತಾರೆ. ಇವರನ್ನೂ ಕರೆದಿದ್ದರು. ಇವರಿಗಾಗಿ ಮಾಂಸ ಹಾಕದ ಬೀನ್ಸ್ ಬೇರೆ ಬೇಯಿಸಿ ತಂದಿದ್ದರಂತೆ. ಇವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಹೋದರು. ನಾನು ಕಾಲು ನೋವೆಂದೆ. ಆ ಹೊತ್ತಿಗೆ ಸುಧಾ ಅವರ ಕಿಟಕಿಯಲ್ಲಿದ್ದೆ.

“ಅಯ್ಯೋ, ಅಲ್ಲೇ ಊಟ ಮಾಡ್ತಿದ್ದಾರೆ ನೋಡಿ! ಆ ನೀಲಿ ಶರ್ಟು, ನಿಮ್ಮ ಯಜಮಾನ್ರಲ್ವಾ? ಏನೋ ಎಸೀತಿದ್ದಾರೆ?”

ರೊಟ್ಟಿ ಮುರಿದು ಚರಗ ಚೆಲ್ಲುತ್ತಿದ್ದರು. ಏಮಸ್‌ನ ಕಲ್ಲಿನ ಸುತ್ತ, ಆ ಎರಡು ಸಣ್ಣ ಕಲ್ಲುಗಳ ಸುತ್ತ. ನನಗೆ ಗೊತ್ತಿತ್ತು.

“ಹಕ್ಕಿಗೆ ಇರಬೇಕು. ಅವರಿಗೆ ಯಾರು ಕರೆದ್ರೂ ಹೋಗೋ ಅಭ್ಯಾಸ,” ಅಂದೆ.

ಅವರು ಮನೆಗೆ ಬರುವಷ್ಟರಲ್ಲಿ ನಾನು ಮೊದಲೇ ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. “ಅಲ್ಲೇ ನೀರು ಹಾಕ್ಕೊಂಡು ಬರ್ರಿ,” ಎಂದು ಗಿಡಕ್ಕೆ ಬಿಡುವ ಪೈಪು ತೋರಿಸಿದೆ. ಅವರಿಗೆ ತಮಾಷೆ ಅನಿಸಿತು. “ಯಾವಾಗಿಂದ ಶುರುವಾತು ಇದು? ನಮ್ಮವ್ವಗ ಗೊತ್ತಾದ್ರ ನಿನ್ನ ಹೊರಗ ನಿಲ್ಲಸ್ತಾಳ ನೋಡು.” ನಾನು ನಗಲಿಲ್ಲ. ಅವರು ನನ್ನ ಮುಖ ನೋಡಿ, ಶರ್ಟು ತೆಗೆದು, ಪೈಪು ಹಿಡಿದು ನಿಂತರು. ಐವತ್ತೆಂಟು ವರ್ಷದ ಮನುಷ್ಯ. ಪಕ್ಕೆಲುಬುಗಳು ಕಾಣುತ್ತಿದ್ದವು. ಆಗಲೇ ಇಳಿದುಹೋಗಿದ್ದರು, ನಾನು ನೋಡಿದ್ದು ಕಾಲಿಗೆ ಮಣ್ಣು ಉಳಿದಿದೆಯೇ ಎಂದು ಮಾತ್ರ.

ಜೂನಿನಲ್ಲಿ ಮಿಸ್ ಲೋರಾ ಆಸ್ಟಿನ್ನಿಗೆ ಹೋಗಬೇಕಿತ್ತು. ಏಮಸ್ ಪಡೆಯಲ್ಲಿದ್ದಾಗ ಹೆಂಡತಿಗೆ ಬರೆದ ಒಂದು ಕಾಗದವನ್ನು ಆಕೆ ಅಲ್ಲಿನ ದಾಖಲೆ ಸಂಗ್ರಹಕ್ಕೆ ಕೊಟ್ಟಿದ್ದರು. ಅದನ್ನು ಇನ್ನೊಮ್ಮೆ ನೋಡಬೇಕು, ಅಷ್ಟು ದೂರ ಡ್ರೈವ್ ಮಾಡಲಾರೆ ಅಂದರು. ಇವರು ರಜೆ ಹಾಕಿದರು, ನನ್ನನ್ನೂ ಹೊರಡಿಸಿದರು.

ಓದುವ ಕೋಣೆಯಲ್ಲಿ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಕಂದುಬಣ್ಣಕ್ಕೆ ತಿರುಗಿದ ಎರಡು ಹಾಳೆ ತಂದಿಟ್ಟರು. ಮಿಸ್ ಲೋರಾ ಕನ್ನಡಕ ಹಾಕಿಕೊಂಡರು. ಮಸಿ ಮಾಸಿದ ಕಡೆ ಅವರಿಗೆ ತಡೆಯಿತು, ಇವರೇ ಬಗ್ಗಿ ಅಕ್ಷರ ಹಿಡಿದು ಹೇಳಿಕೊಡುತ್ತಿದ್ದರು. ಮೊದಲ ಹಾಳೆಯಲ್ಲಿ ಕುದುರೆಯ ಲಾಳ, ಮಳೆ, ಎತ್ತುಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬುದು. ಎರಡನೆಯದರಲ್ಲಿ, ನದಿಯಾಚೆ ಮೂಲನಿವಾಸಿಗಳ ಒಂದು ಊರಿಗೆ ಹೋದದ್ದು. ಅವನು ಹೀಗೆ ಬರೆದಿದ್ದ: ಊರಿನ ಗಂಡಸರು ಬೇಟೆಗೆ ಹೋಗಿದ್ದರು. ಜೋಳ ಒಣಗಿ ನಿಂತಿತ್ತು. ಬೆಂಕಿ ಇಡಲು ಹೇಳಿದರು, ನಾನೂ ಇಟ್ಟೆ. ಗುಡಿಸಲುಗಳಿಗೂ ಹತ್ತಿತು. ಒಳಗೆ ಯಾರಾದರೂ ಇದ್ದರೇ ಎಂದು ನಾನು ನೋಡಲಿಲ್ಲ. ನೋಡಬಹುದಿತ್ತು. ಇದನ್ನು ಮಕ್ಕಳಿಗೆ ಓದಿ ಹೇಳಬೇಡ.

ಕಾಗದ ಮನೆ ಮುಟ್ಟುವ ಹೊತ್ತಿಗೆ ನಾಲ್ವರು ಮಕ್ಕಳಲ್ಲಿ ಇಬ್ಬರು ಇರಲಿಲ್ಲ.

“ನನ್ನ ಅಮ್ಮ ಇದನ್ನ ಸುಟ್ಟುಬಿಡಬೇಕು ಅಂತಿದ್ದಳು,” ಅಂದರು ಮಿಸ್ ಲೋರಾ. “ಬಳಗದವರಿಗೆ ಅವನು ವೀರ. ಕಲ್ಲಿನ ಮೇಲೆ ಹಾಗೇ ಕೆತ್ತಿಸಿದ್ದಾರೆ. ಬರುವ ಮೇನಲ್ಲಿ ಎಲ್ಲರೂ ಸೇರಿದಾಗ ಇದನ್ನ ಓದಬೇಕು ಅಂತಿದ್ದೇನೆ. ಓದಲಾ, ಶಿವ್?”

“ಓದಿ, ಮಿಸ್ ಲೋರಾ,” ಅಂದರು ಇವರು. “ಅವನೇ ಬರೆದಿಟ್ಟಿದ್ದಾನಲ್ಲ.”

ಬರುವ ದಾರಿಯಲ್ಲಿ ಆಕೆ ಹಿಂದಿನ ಸೀಟಿನಿಂದ ನನ್ನ ಹೆಗಲು ಮುಟ್ಟಿ, ಯಾಕೆ ಒಂದೂ ಮಾತಿಲ್ಲ ಎಂದು ಕೇಳಿದರು. ತಲೆನೋವು ಅಂದೆ. ತಮ್ಮ ಚೀಲದಿಂದ ಮಾತ್ರೆ ಹುಡುಕಿ ಕೊಟ್ಟರು. ನುಂಗಿದೆ.

ಜುಲೈನಲ್ಲಿ ಕಾಯಿಲೆ ಗೊತ್ತಾಯಿತು, ಮೇದೋಜೀರಕ ಗ್ರಂಥಿಯ ಕ್ಯಾನ್ಸರು. ಆಗಲೇ ಹರಡಿತ್ತು. ಅದರ ವಿವರ ಬರೆಯಲಾರೆ. ಆಗಸ್ಟಿನಲ್ಲಿ ಡ್ಯಾಲಸ್ಸಿನ ಆಸ್ಪತ್ರೆಗೆ ಸೇರಿಸಿದೆವು. ಅದೇ ವಾರ ಸಂಘದವರು ಬೇಲಿ ಹಾಕಿದರು. ಶಾಲೆಗೆ ಹೋಗುವಾಗ ಬರುವಾಗ ಆ ವಾಸನೆ.

ಒಂದು ಮಧ್ಯಾಹ್ನ ಕೆಲಸ ಮುಗಿಸಿ ಆಸ್ಪತ್ರೆಗೆ ಹೋದಾಗ ಅವರು ದಿಂಬಿಗೆ ಒರಗಿ ಎಚ್ಚರವಾಗಿದ್ದರು. ಹಿಂದಿನ ದಿನ ಮಿಸ್ ಲೋರಾ ಬಂದು ಹೋಗಿದ್ದರು.

“ಕುಂದರು,” ಅಂದರು. “ನಿನಗ ಒಂದು ಹೇಳಿರಲಿಲ್ಲ. ಮಿಸ್ ಲೋರಾನ್ನ ಆ ಹೊಲದಾಗ ಒಂದೀಟು ಜಾಗ ಕೇಳಿದ್ದೆ. ಇಲ್ಲಿ ದೊಡ್ಡ ಸ್ಮಶಾನದಾಗ ಸಿಮೆಂಟಿನ ಪೆಟ್ಟಿಗ್ಯಾಗ ಇಟ್ಟು ಹೂಳ್ತಾರ. ಮಣ್ಣು ಮೈಗೆ ತಾಗೂದಿಲ್ಲ. ಅಲ್ಲಾದ್ರ ಪೆಟ್ಟಿಗಿ ಬೇಕಂತಿಲ್ಲ. ಇಭೂತಿ, ಪತ್ರಿ, ಮಣ್ಣು. ಎರಿ ಮಣ್ಣು. ಹೂಂ ಅಂದಿದ್ರು.”

ನಾನು ಅವರ ಹೊದಿಕೆಯ ಅಂಚು ಸರಿಮಾಡಿದೆ.

“ಈಗ ಆಗೂದಿಲ್ಲಂತ. ಹೊಸದಾಗಿ ಯಾರನ್ನೂ ಹೂಳಬಾರದು ಅಂತ ಸಂಘದವರು ಬರಸ್ಕೊಂಡಾರ. ಆಕಿ ಸಹಿ ಮಾಡದಿದ್ರ ಒಳಗ ಹೋಗೂ ದಾರಿಗೂ ತಕರಾರು ಮಾಡ್ತಿದ್ರಂತ. ಪಾಪ, ವಕೀಲರ ಜತಿ ಗುದ್ದಾಡೂ ವಯಸ್ಸೇನು ಆಕಿದು?”

ಅರ್ಜಿಯಲ್ಲಿ ನಾನು ಓದದ ಎರಡನೆಯ ಪುಟ ಅದು. ನನಗೆ ಆಗ ತಿಳಿಯಿತು.

“ಯಾಕಂತ್ರೀ?” ಎಂದು ಕೇಳಿದೆ.

“ಮಂದಿ ಬ್ಯಾಡ ಅಂದ್ರಂತ.”

“ಯಾವ ಮಂದಿ?”

ಹೀಗೆ ಕೇಳಿದವಳು ನಾನು. ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಕೋಪವಿರಲಿಲ್ಲ. ಏನಾದರೂ ಹೇಳುತ್ತೇನೆಯೇ ಎಂದು ಕಾಯುವವರ ಹಾಗಿತ್ತು, ಆದರೆ ನನಗೆ ಅದು ಆಗ ಹೊಳೆಯಲಿಲ್ಲ, ಔಷಧದ ಮಂಪರು ಅಂದುಕೊಂಡೆ.

“ನಮ್ಮ ಮಂದೀನ,” ಅಂದರು.

“ನೀರು ಬೇಕೇನ್ರಿ?”

“ಕೊಡು.”

ಅಕ್ಟೋಬರಿನ ಒಂದು ಬೆಳಗ್ಗೆ ಹೋದರು. ಹೈವೇ ಪಕ್ಕದ ದೊಡ್ಡ ಸ್ಮಶಾನದಲ್ಲಿ, ಸಿಮೆಂಟಿನ ಪೆಟ್ಟಿಗೆಯಲ್ಲಿ ಇಟ್ಟೆವು. ಹೂಸ್ಟನ್ನಿನಿಂದ ಬಂದಿದ್ದ ಹಿರಿಯರೊಬ್ಬರು ಹಣೆಗೆ ವಿಭೂತಿ ಹಚ್ಚಿದರು. ಸುಧಾ ಮತ್ತು ಅವರ ಗಂಡ ಬಂದು ಕೊನೆಯವರೆಗೂ ನಿಂತರು. ವಾರವಿಡೀ ನನಗೆ ಊಟ ಕಳಿಸಿದ್ದು ಅವರೇ. ಅವರ ಮೇಲೆ ನನಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಮುಚ್ಚಳದ ಮೇಲೆ ಮಣ್ಣು ಹಾಕುವಾಗ ಸಹನಾ ನನ್ನ ಕಿವಿಯಲ್ಲಿ, “ಅಪ್ಪಾ ವಾಂಟೆಡ್ ದಿ ಅದರ್ ಪ್ಲೇಸ್. ಹೀ ಟೋಲ್ಡ್ ಮಿ,” ಅಂದಳು. ಸಿಟಿಯವರು ಬಿಡಲಿಲ್ಲ, ರೂಲ್ಸ್, ಅಂದೆ. ಅದು ಮೊದಲ ಸಲ.

ಚಳಿಗಾಲವೆಲ್ಲ ಹಾಗೇ ಕಳೆಯಿತು. ಮಾರ್ಚಿನಲ್ಲಿ ಯೂಲೆಸ್‌ಗೆ ಹೋಗಿ ಮಿಸ್ ಲೋರಾ ಅವರ ಮನೆಯ ಬಾಗಿಲು ತಟ್ಟಿದೆ. ಅಡುಗೆಮನೆಯ ಮೇಜಿನ ಮೇಲೆ ಅಕ್ರೋಟಿನಂಥ ಪಿಕಾನ್ ಕಾಯಿ ಒಡೆಯುತ್ತಿದ್ದರು. ಕೂರಲು ಹೇಳಿದರು, ನಾನು ನಿಂತೇ ಹೇಳಿದೆ. ನನ್ನ ಇಂಗ್ಲಿಷು ಚೆನ್ನಾಗಿಲ್ಲ. ಆ ಪೇಪರ್ ನಾನೇ ಮನೆಮನೆಗೆ ಒಯ್ದೆ, ಮೊದಲ ಸಹಿ ನನ್ನದು, ಎಂದಷ್ಟೇ ಬಂತು.

ಆಕೆ ಕಾಯಿ ಒಡೆಯುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕೈ ಒರೆಸಿಕೊಂಡು, ಸಂಘದವರು ಕಳಿಸಿದ್ದ ಸಹಿಗಳ ಹಾಳೆಯ ನಕಲನ್ನು ಡ್ರಾಯರಿನಿಂದ ತಂದು ನನ್ನ ಮುಂದಿಟ್ಟು, ಮೊದಲ ಸಾಲಿನ ಮೇಲೆ ಬೆರಳಿಟ್ಟರು. ನಾನು ಯಾವತ್ತೂ ಕನ್ನಡದಲ್ಲೇ ಸಹಿ ಮಾಡುವವಳು.

“ಇದು ನಿನ್ನದಾ?”

“ಹೌದು.”

“ಉಳಿದ ಹೆಸರೆಲ್ಲ ಓದಿದೆ, ಇದೊಂದು ಆಗಲಿಲ್ಲ. ಆಸ್ಪತ್ರೆಗೆ ಹೋದಾಗ ಶಿವ್‌ಗೆ ತೋರಿಸಿ, ಇದು ನಿಮ್ಮ ಭಾಷೆಯ ಅಕ್ಷರವಲ್ಲವಾ, ಯಾರ ಹೆಸರು ಅಂತ ಕೇಳಿದೆ. ತುಂಬ ಹೊತ್ತು ನೋಡಿದ. ಬರವಣಿಗೆ ಬಹಳ ಕೆಟ್ಟದಾಗಿದೆ, ನನಗೂ ಓದಲು ಬರುತ್ತಿಲ್ಲ ಅಂದ.” ಆಕೆ ಮತ್ತೆ ಕೂತರು. “ಆಸ್ಟಿನ್ನಿನಲ್ಲಿ ಮಾಸಿದ ಮಸಿ ಓದಿಕೊಟ್ಟವನು ಅವನು. ನಾನು ಮತ್ತೆ ಕೇಳಲಿಲ್ಲ.”

ಕುರ್ಚಿ ಎಳೆದುಕೊಂಡೆ. ಆಸ್ಪತ್ರೆಯಲ್ಲಿ ನನ್ನ ಗಂಡ ಆ ಮಾತು ತೆಗೆದದ್ದು ಅದರ ಮಾರನೆಯ ದಿನ. ಎಲ್ಲ ಗೊತ್ತಿದ್ದೇ ತೆಗೆದಿದ್ದರು. ನನಗೆ ಹೇಳಲು ಒಂದು ದಾರಿ ಮಾಡಿಕೊಟ್ಟಿದ್ದರು, ನಾನು ನೀರಿನ ಲೋಟ ಹಿಡಿದೆ.

“ನನಗೆ ಕೋಪ ಬಂದಿತ್ತು,” ಅಂದರು ಮಿಸ್ ಲೋರಾ. “ಈಗಲೂ ಇದೆ. ಕಾಫಿ ಕುಡೀತೀಯಾ?”

ಕುಡಿದೆ. ಈ ಮೇನಲ್ಲಿ ಬಳಗದವರ ಜತೆ ನನ್ನನ್ನೂ ಕರೆದರು. ಬೇಲಿಯ ಬಾಗಿಲಿನ ಬೀಗ ತೆಗೆದು ಒಳಗೆ ಹೋದೆವು. ಆಕೆ ನಿಂತು ಏಮಸ್ ಬರೆದ ಕಾಗದದ ಎರಡನೆಯ ಹಾಳೆಯ ನಕಲನ್ನು ಕೊನೆಯವರೆಗೂ ಓದಿದರು. ಇಬ್ಬರು ಸೋದರಸಂಬಂಧಿಗಳು ಊಟ ಮಾಡದೆ ಎದ್ದು ಹೋದರು. ಆಕೆ ಅವರನ್ನು ತಡೆಯಲಿಲ್ಲ, ಬೀನ್ಸ್ ಬಡಿಸತೊಡಗಿದರು.

ಇದನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು. ಸಹನಾಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದಿಂದಲೇ ಬರೆದೆನೋ ಏನೋ. ಇಂದು ಬೆಳಗ್ಗೆ ಅವಳಿಗೆ ಫೋನ್ ಮಾಡಿ, ಶನಿವಾರ ಕ್ಲಿಯರ್ ಲೇಕಿಗೆ ಬರುತ್ತೇನೆ ಅಂದೆ.

“ವಾಟ್ ಹ್ಯಾಪನ್ಡ್, ಅಮ್ಮಾ? ವಿಡಿಯೋ ಕಾಲ್ ಮಾಡು, ಸಾಕು.”

“ಇಲ್ಲವ್ವಾ, ಎದುರಿಗೆ ಕೂತು ನಿನಗ ಓದಿ ಹೇಳಬೇಕು. ಬರದೀನಿ.”

“ಓದೋದಾ? ಏನು?”

“ನಿಮ್ಮಪ್ಪನ್ನ ಅಲ್ಲ್ಯಾಕ ಇಟ್ಟಿವಿ ಅನ್ನೋದು.”

“ಯೂ ಸೆಡ್ ಸಿಟಿ ರೂಲ್ಸ್.”

“ಸಿಟಿ ಅಲ್ಲವ್ವಾ,” ಅಂದೆ. “ನಾನು.”